ಬೆಲೆ ಕೇಳುವ ಮೊದಲು ಚರಿತ್ರೆ ಕೇಳೋಣ

(ಮಳೆಗಾಲಕ್ಕೆ ಮುನ್ನ ನಮ್ಮ ಬಳಗವು ಊರಿನ ಶಾಲೆಯ ಅಂಗಳದಲ್ಲಿ ಏರ್ಪಡಿಸಿದ್ದ ಹಳೆಯ ವಸ್ತುಗಳ ಸಂತೆಯ ಆರಂಭದಲ್ಲಿ ಮಾಡಿದ ಭಾಷಣದ ಬರಹರೂಪ)



ಇನ್ನು ಸ್ವಲ್ಪ ಹೊತ್ತಿನಲ್ಲಿ ಈ ಅಂಗಳದಲ್ಲಿ ವ್ಯಾಪಾರ ಆರಂಭವಾಗಲಿದೆ. ಕೆಲವರ ಕಣ್ಣು ಆ ಮೂಲೆಯ ತಾಮ್ರದ ಹಂಡೆಯ ಮೇಲೆ, ಇನ್ನು ಕೆಲವರ ಕಣ್ಣು ಜಗಲಿಯಲ್ಲಿ ಸಾಲಾಗಿ ಇಟ್ಟಿರುವ ಔಷಧಿ ಪಂಪುಗಳ ಮೇಲೆ ನೆಟ್ಟಿರುವುದನ್ನು ನಾನು ಇಲ್ಲಿಂದಲೇ ಕಾಣುತ್ತಿದ್ದೇನೆ. ಆದ್ದರಿಂದ ನಿಮ್ಮನ್ನು ಬಹಳ ಹೊತ್ತು ಕೂರಿಸುವುದಿಲ್ಲ. ಮೃಗಶಿರಾ ಮಳೆ ಹಿಡಿಯಲು ಕೆಲವೇ ವಾರಗಳು ಉಳಿದಿವೆ. ಮಾಡಿಗೆ ಹೆಂಚು, ಕಟ್ಟಿಗೆಗೆ ಮುಚ್ಚಲು ಟಾರ್ಪಾಲು, ಅಡಿಕೆಗೆ ಮೈಲುತುತ್ತ, ಮಕ್ಕಳಿಗೆ ಪುಸ್ತಕ, ಎಲ್ಲವೂ ಒಂದೇ ತಿಂಗಳಲ್ಲಿ ಕೈಚೀಲವನ್ನು ಬರಿದು ಮಾಡುವ ಕಾಲವಿದು. ಇಂಥ ಸಮಯದಲ್ಲಿ ಅರ್ಧ ಬೆಲೆಗೆ, ಕಾಲು ಬೆಲೆಗೆ ವಸ್ತು ಸಿಗುವುದು ದೊಡ್ಡ ಅನುಕೂಲ. ಆದರೆ ಅಗ್ಗವಾಗಿ ಕೊಂಡದ್ದೆಲ್ಲ ಉಳಿತಾಯವಾಗುವುದಿಲ್ಲ. ಈ ಮಾತನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ನನ್ನದೇ ತರಕಾರಿ ಹಿತ್ತಲಿನಲ್ಲಿ ಕಲಿತೆ.

ಉದ್ಯೋಗಕ್ಕಾಗಿ ಬಯಲುಸೀಮೆಯಲ್ಲಿದ್ದು ಈ ಬೆಟ್ಟದ ಊರಿಗೆ ಬಂದು ನೆಲೆಸಿದ ಮೊದಲ ವರ್ಷ, ಪರಿಚಯದವರೊಬ್ಬರು ಬೆನ್ನಿಗೆ ಹಾಕಿಕೊಳ್ಳುವ ಸ್ಪ್ರೇಯರ್ ಒಂದನ್ನು 400 ರೂಪಾಯಿಗೆ ಕೊಟ್ಟರು. ನೀರು ತುಂಬಿ ಒತ್ತಿ ನೋಡಿದೆ. ಸೋರಲಿಲ್ಲ. ಎರಡು ಸಲ ತೊಳೆದು, ಬೇವಿನ ಕಷಾಯವನ್ನು ತುಂಬಿ ಟೊಮೆಟೊ ಮತ್ತು ಹುರುಳಿಕಾಯಿ ಗಿಡಗಳಿಗೆ ಸಿಂಪಡಿಸಿದೆ. ವಾರ ಕಳೆಯುವುದರೊಳಗೆ ಎಲೆಗಳು ಬಟ್ಟಲಿನಂತೆ ಮುದುಡಿಕೊಂಡವು. ಎಳೆಯ ಕುಡಿಗಳು ತಿರುಚಿಕೊಂಡು ಬಾಗಿದವು. ಮೊದಲು ನಾನು ನಂಜುರೋಗವೆಂದು ಭಾವಿಸಿದೆ. ಬಳಿಕ ಮಾರಿದವರನ್ನೇ ಕೇಳಿದಾಗ ವಿಷಯ ತಿಳಿಯಿತು: ಅವರು ಆ ಯಂತ್ರದಿಂದ ಗದ್ದೆಯ ಅಂಚುಗಳಿಗೆ 2,4-ಡಿ ಎಂಬ ಕಳೆನಾಶಕವನ್ನು ಹೊಡೆಯುತ್ತಿದ್ದರು. ಅದು ಅಗಲ ಎಲೆಯ ಸಸ್ಯಗಳ ಬೆಳವಣಿಗೆಯನ್ನೇ ಕೆಡಿಸುವ ರಾಸಾಯನಿಕ. ಟೊಮೆಟೊ, ಹುರುಳಿ, ಸೌತೆಯಂಥ ಗಿಡಗಳಿಗೆ ಅದರ ಅತ್ಯಲ್ಪ ಅಂಶವೂ ಸಾಕು. ರಬ್ಬರಿನ ಕೊಳವೆಯಲ್ಲಿ, ವಾಷರಿನಲ್ಲಿ ಅದು ಅಂಟಿಕೊಂಡು ಉಳಿಯುತ್ತದೆ. ಬರಿಯ ನೀರಿನಿಂದ ತೊಳೆದರೆ ಹೋಗುವುದಿಲ್ಲ.

ಸಸ್ಯವಿಜ್ಞಾನವನ್ನೇ ಓದಿ ಡಾಕ್ಟರೇಟ್ ಪಡೆದವನ ಹಿತ್ತಲು ಹೀಗಾಯಿತು! ಮಾರಿದವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಸುಳ್ಳು ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ನಾನು ಕೇಳಿದ್ದು ಬೆಲೆಯನ್ನು ಮಾತ್ರ.

ಅಂದಿನಿಂದ ನಾನು ಒಂದು ನಿಯಮವನ್ನು ಪಾಲಿಸುತ್ತಿದ್ದೇನೆ. ಹೊಸ ವಸ್ತುವನ್ನು ಕೊಳ್ಳುವಾಗ ನಾವು ವಸ್ತುವನ್ನಷ್ಟೇ ಕೊಳ್ಳುತ್ತೇವೆ. ಹಳೆಯದನ್ನು ಕೊಳ್ಳುವಾಗ ಅದರ ಚರಿತ್ರೆಯನ್ನೂ ಸೇರಿಸಿ ಕೊಳ್ಳುತ್ತೇವೆ. ಆದ್ದರಿಂದ ಬೆಲೆ ಕೇಳುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಬೇಕು. ಇದನ್ನು ಯಾವುದಕ್ಕೆ ಬಳಸುತ್ತಿದ್ದಿರಿ? ಎಲ್ಲಿ, ಏನು ದುರಸ್ತಿಯಾಗಿದೆ? ಈಗ ಏಕೆ ಮಾರುತ್ತಿದ್ದೀರಿ? ಇವನ್ನು ಕೇಳುವುದಕ್ಕೆ ಸಂಕೋಚ ಬೇಡ. ಹೆಣ್ಣು ಗಂಡು ನೋಡುವಾಗ ಮನೆತನ ವಿಚಾರಿಸುವ ನಾವು, ಹಾಲು ಕೊಡುವ ಹಸುವನ್ನು ಕೊಳ್ಳುವಾಗ ಎಷ್ಟನೆಯ ಕರು ಎಂದು ಕೇಳುವ ನಾವು, ಪಂಪಿನ ವಿಷಯದಲ್ಲಿ ಮಾತ್ರ ಏಕೆ ಮೌನವಾಗಿರಬೇಕು?

ಈ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆ ಹಳೆಯ ವಸ್ತುಗಳು ನಾಲ್ಕು ಬಗೆಯಾಗಿ ವಿಂಗಡವಾಗುತ್ತವೆ.

ಮೊದಲನೆಯವು, ಚರಿತ್ರೆಯನ್ನು ತೊಳೆಯಲಾಗದ ವಸ್ತುಗಳು. ಕೀಟನಾಶಕ ತುಂಬಿದ್ದ ಡಬ್ಬಿ, ಕ್ಯಾನು, ಡ್ರಮ್ಮುಗಳು ಇವುಗಳಲ್ಲಿ ಮುಖ್ಯವಾದವು. ಗಟ್ಟಿ ಪ್ಲಾಸ್ಟಿಕ್ಕು, ಭದ್ರವಾದ ಮುಚ್ಚಳ, ಇಪ್ಪತ್ತೋ ಮೂವತ್ತೋ ರೂಪಾಯಿ. ನೋಡಿದರೆ ಆಸೆಯಾಗುವುದು ಸಹಜ. 2013ರ ಜುಲೈಯಲ್ಲಿ ಬಿಹಾರದ ಸಾರಣ ಜಿಲ್ಲೆಯ ಒಂದು ಶಾಲೆಯಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಸತ್ತರು. ಪಾತ್ರೆಯಲ್ಲಿ ಉಳಿದಿದ್ದ ಆಹಾರದಲ್ಲಿ ಮತ್ತು ಡಬ್ಬಿಯಲ್ಲಿದ್ದ ಅಡುಗೆ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಪತ್ತೆಯಾಯಿತು. ವಿಷವೂ ಆಹಾರವೂ ಒಂದೇ ಸೂರಿನಡಿ, ಒಂದೇ ಬಗೆಯ ಡಬ್ಬಿಗಳಲ್ಲಿ ಇರುವುದು ಎಂಥ ಅಪಾಯವೆಂಬುದಕ್ಕೆ ಇದಕ್ಕಿಂತ ಕಠೋರವಾದ ಪಾಠ ಬೇಡ. ನಮ್ಮ ದೇಶದ ಕೀಟನಾಶಕ ನಿಯಮಗಳು 1971ರಿಂದಲೇ ಹೇಳುತ್ತಿವೆ: ಬಳಸಿದ ಡಬ್ಬಿಗಳು ಮರುಬಳಕೆಯಾಗದಂತೆ ಅವನ್ನು ಒಡೆದು, ವಸತಿಯಿಂದ ದೂರದಲ್ಲಿ ಹೂಳಬೇಕು. ಇಂದಿನ ಸಂತೆಯಲ್ಲಿ ಅಂಥ ಡಬ್ಬಿಯೊಂದು ಕಂಡರೂ ದಯವಿಟ್ಟು ಕಾರ್ಯಕರ್ತರಿಗೆ ತಿಳಿಸಿ. ಅಟ್ಟದ ಮೇಲೆ ಅರ್ಧ ಉಳಿದಿರುವ ಹಳೆಯ ಬಾಟಲಿಗಳನ್ನೂ ಯಾರಿಗೂ ಮಾರಬೇಡಿ, ದಾನವಾಗಿಯೂ ಕೊಡಬೇಡಿ. ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟು 2011ರಲ್ಲೇ ತಡೆಯಿತು. ಕರಾವಳಿಯ ಗೇರುತೋಟಗಳ ಸುತ್ತಲಿನ ಹಳ್ಳಿಗಳು ಪಟ್ಟ ಪಾಡನ್ನು ಇಲ್ಲಿ ನಾನು ಮತ್ತೆ ಹೇಳಬೇಕಾಗಿಲ್ಲ.

ಇದೇ ಬಗೆಗೆ ಇನ್ನೆರಡನ್ನು ಸೇರಿಸುತ್ತೇನೆ. ಒಂದು, ಹಳೆಯ ಕಲ್ನಾರಿನ ಶೀಟುಗಳು. ಬಿಚ್ಚುವಾಗ, ಕತ್ತರಿಸುವಾಗ, ಒಡೆದಾಗ ಹೊರಬೀಳುವ ಅದರ ಸೂಕ್ಷ್ಮವಾದ ಎಳೆಗಳು ಶ್ವಾಸಕೋಶವನ್ನು ಸೇರಿ ವರ್ಷಗಳ ಬಳಿಕ ರೋಗವನ್ನು ತರುತ್ತವೆ. ಇನ್ನೊಂದು, ಗೆಡ್ಡೆ, ಬಳ್ಳಿ, ಸಸಿಗಳು. ಚರಿತ್ರೆ ತಿಳಿಯದ ಶುಂಠಿಯ ಬೀಜದ ಗೆಡ್ಡೆಯೊಡನೆ ಸೊರಗುರೋಗದ ಬ್ಯಾಕ್ಟೀರಿಯಾ ಬರಬಹುದು. ರೋಗಬಿದ್ದ ತೋಟದ ಕಾಳುಮೆಣಸಿನ ಸಸಿಯ ಬುಡದ ಮಣ್ಣಿನಲ್ಲಿ ಫೈಟಾಫ್ತೋರ ರೋಗಾಣು ಕುಳಿತಿರಬಹುದು. ಹತ್ತು ರೂಪಾಯಿಯ ಸಸಿ ಇಡೀ ತೋಟವನ್ನು ಕಳೆಯಬಲ್ಲದು. ಯಾರ ತೋಟದ್ದೆಂದು ನೋಡಿ ಬಂದಿದ್ದರೆ ಮಾತ್ರ ಕೊಳ್ಳಿ. ಗುದ್ದಲಿ, ಪಿಕಾಸಿ, ಟಿಲ್ಲರ್ ಕೊಂಡರೂ ಅಂಟಿರುವ ಮಣ್ಣನ್ನು ತೋಟದ ಹೊರಗೇ ತೊಳೆದು ಒಣಗಿಸಿ ಒಳಗೆ ತನ್ನಿ.

ಎರಡನೆಯವು, ಪ್ರಾಣವನ್ನೇ ನಂಬಿ ಒಪ್ಪಿಸುವ ವಸ್ತುಗಳು. ಮರ ಹತ್ತುವ ಹಗ್ಗ, ಸೊಂಟದ ಬೆಲ್ಟು, ಹೆಲ್ಮೆಟ್ಟು, ಗ್ಯಾಸಿನ ರಬ್ಬರ್ ಕೊಳವೆ, ಇವನ್ನು ಹಳೆಯವೆಂದು ತಿಳಿದೂ ಕೊಳ್ಳಬೇಡಿ. ಒಮ್ಮೆ ಬಿದ್ದ ಹೆಲ್ಮೆಟ್ಟಿನ ಒಳಪದರ ಜಜ್ಜಿಹೋಗಿದ್ದರೂ ಹೊರಗೆ ಹೊಳೆಯುತ್ತಲೇ ಇರುತ್ತದೆ. ಬಿಸಿಲು ತಿಂದ ಹಗ್ಗ ಕೈಗೆ ಗಟ್ಟಿಯಾಗಿಯೇ ತೋರುತ್ತದೆ. ಇಲ್ಲಿ ಉಳಿಸುವ ಇನ್ನೂರು ಮುನ್ನೂರು ರೂಪಾಯಿಗೆ ಅರ್ಥವಿಲ್ಲ. ತೊಟ್ಟಿಲು ಮತ್ತು ಬಣ್ಣದ ಆಟಿಕೆಗಳ ವಿಷಯದಲ್ಲೂ ಒಂದು ಎಚ್ಚರಿಕೆ ಬೇಕು. ಮನೆಬಳಕೆಯ ಬಣ್ಣದಲ್ಲಿ ಸೀಸದ ಪ್ರಮಾಣವನ್ನು ತೀರ ಕಡಿಮೆಗೆ ಮಿತಿಗೊಳಿಸಿದ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಬಣ್ಣ ಚಕ್ಕೆ ಏಳುತ್ತಿದ್ದರೆ, ಹಲ್ಲು ಬರುವ ಮಗು ಅದನ್ನು ಕಚ್ಚುತ್ತದೆ ಎಂಬುದನ್ನು ತಾಯಂದಿರಿಗೆ ಹೇಳಬೇಕಾಗಿಲ್ಲ. ಬಣ್ಣ ಬಳಿಯದ ಬೀಟೆಯ ತೊಟ್ಟಿಲಾದರೆ ನಿಶ್ಚಿಂತೆಯಿಂದ ಕೊಳ್ಳಿ.

ಮೂರನೆಯವು, ಕೊಂಡ ಮೇಲೂ ಹಣ ತಿನ್ನುವ ವಸ್ತುಗಳು. ಹಳೆಯ ಫ್ರಿಜ್ಜನ್ನೇ ನೋಡಿ. ಎರಡು ಸಾವಿರ ರೂಪಾಯಿಗೆ ಸಿಕ್ಕಿತೆಂದುಕೊಳ್ಳೋಣ. ಅದು ಹೊಸದಕ್ಕಿಂತ ದಿನಕ್ಕೆ 1 ಯೂನಿಟ್ ಹೆಚ್ಚು ವಿದ್ಯುತ್ತನ್ನು ಬಳಸಿದರೆ ವರ್ಷಕ್ಕೆ 365 ಯೂನಿಟ್. ಯೂನಿಟ್ಟಿಗೆ 6 ರೂಪಾಯಿಯಂತೆ 2,190 ರೂಪಾಯಿ. ಎಂದರೆ ಪ್ರತಿ ವರ್ಷವೂ ಆ ಫ್ರಿಜ್ಜನ್ನು ನೀವು ಮತ್ತೊಮ್ಮೆ ಕೊಳ್ಳುತ್ತೀರಿ. ಗೃಹಜ್ಯೋತಿ ಇದೆಯಲ್ಲ ಎನ್ನಬಹುದು. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಇಡೀ ಬಿಲ್ಲನ್ನು ನಾವೇ ಕಟ್ಟಬೇಕಾಗುತ್ತದೆ ಎಂಬುದನ್ನು ಮರೆಯಬಾರದು. ಮಾರುವವರು ಪರಿಚಿತರಾಗಿದ್ದರೆ ಅವರ ಮನೆಗೆ ಹೋಗಿ, ಬೇರೆಲ್ಲ ಉಪಕರಣಗಳನ್ನು ಆರಿಸಿ, ರಾತ್ರಿಯಿಂದ ಬೆಳಗಿನವರೆಗೆ ಮೀಟರು ಎಷ್ಟು ಓಡಿತೆಂದು ನೋಡಿ. ಹಿಂಬದಿಯ ಫಲಕದಲ್ಲಿ ಅನಿಲದ ಹೆಸರು ಆರ್-12 ಎಂದಿದ್ದರೆ ಮುಟ್ಟಬೇಡಿ. ಅದು ಓಜೋನ್ ಪದರವನ್ನು ಕೆಡಿಸುವ ಅನಿಲ. 2003ರಿಂದ ನಮ್ಮ ದೇಶದ ಹೊಸ ಫ್ರಿಜ್ಜುಗಳಲ್ಲಿ ಅದನ್ನು ಬಳಸುವಂತಿಲ್ಲ.

ಇನ್ವರ್ಟರ್ ಬ್ಯಾಟರಿಯೂ ಇದೇ ಗುಂಪಿನದು. ಮಳೆಗಾಲದಲ್ಲಿ ಮೂರು ದಿನ ಕರೆಂಟು ಇಲ್ಲದ ನಮಗೆ ಅದರ ಆಕರ್ಷಣೆ ಹೆಚ್ಚು. ಸೀಸ-ಆಮ್ಲದ ಬ್ಯಾಟರಿಯಾದರೆ ಪೂರ್ತಿ ಚಾರ್ಜ್ ಮಾಡಿಸಿ, ಹೈಡ್ರೋಮೀಟರಿನಿಂದ ಪ್ರತಿಯೊಂದು ಕೋಶದ ಆಮ್ಲದ ಸಾಂದ್ರತೆಯನ್ನು ಅಳೆಯಿರಿ. ಸುಮಾರು 1.25 ಅಥವಾ ಅದಕ್ಕಿಂತ ಮೇಲಿದ್ದು, ಎಲ್ಲ ಕೋಶಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿದ್ದರೆ ಒಳ್ಳೆಯದು. ಒಂದು ಕೋಶ ಮಾತ್ರ ಬಹಳ ಕೆಳಗಿದ್ದರೆ ಆ ಬ್ಯಾಟರಿಯ ಆಯುಸ್ಸು ಮುಗಿಯುತ್ತಿದೆ ಎಂದು ತಿಳಿಯಿರಿ. ಹೊಟ್ಟೆ ಉಬ್ಬಿದ ಬ್ಯಾಟರಿ ಬೇಡವೇ ಬೇಡ. ಔಷಧಿ ಪಂಪುಗಳ ವಿಷಯದಲ್ಲಿ ಕಳೆನಾಶಕದ ಪ್ರಶ್ನೆಯ ಜೊತೆಗೆ ಬೋರ್ಡೋ ದ್ರಾವಣದ ಪ್ರಶ್ನೆಯೂ ಇದೆ. ಮೈಲುತುತ್ತವು ಕಬ್ಬಿಣವನ್ನು ತಿನ್ನುತ್ತದೆ. ಆದ್ದರಿಂದ ದ್ರಾವಣ ತಾಗುವ ಭಾಗಗಳು ಹಿತ್ತಾಳೆಯವೋ ಪ್ಲಾಸ್ಟಿಕ್ಕಿನವೋ ಎಂದು ನೋಡಿ, ಹತ್ತು ನಿಮಿಷ ಪೂರ್ತಿ ಒತ್ತಡದಲ್ಲಿ ನೀರು ಹಾರಿಸಿ ಪರೀಕ್ಷಿಸಿ. ಆ ಪಂಪಿನ ವಾಷರು, ವಾಲ್ವು ನಮ್ಮ ಪೇಟೆಯ ಅಂಗಡಿಯಲ್ಲಿ ದೊರೆಯುತ್ತವೆಯೇ ಎಂದು ಕೇಳಿ. ಬಿಡಿಭಾಗ ಸಿಗದ ಯಂತ್ರ ಎಷ್ಟೇ ಅಗ್ಗವಾದರೂ ಗುಜರಿಯೇ. ಕೊಂಡ ಪಂಪಿನ ಕೊಳವೆ, ವಾಷರುಗಳನ್ನು ಬದಲಿಸಿ. ಕಳೆನಾಶಕಕ್ಕೆ ಬಳಸಿದ್ದೆಂದು ತಿಳಿದರೆ ಅದನ್ನು ಆ ಕೆಲಸಕ್ಕೇ ಬಿಟ್ಟುಬಿಡುವುದು ಕ್ಷೇಮ.

ವಿದ್ಯಾರ್ಥಿಗಳಿಗೆ ಒಂದು ಮಾತು. ಹಳೆಯ ಮೊಬೈಲು ಕೊಳ್ಳುವಾಗ ನಕ್ಷತ್ರ, ಹ್ಯಾಶ್, 06, ಹ್ಯಾಶ್ ಒತ್ತಿದರೆ 15 ಅಂಕಿಗಳ ಗುರುತುಸಂಖ್ಯೆ ಬರುತ್ತದೆ. ಆ ಸಂಖ್ಯೆಯನ್ನು ಕೇಂದ್ರ ಸರ್ಕಾರವು 2023ರಲ್ಲಿ ಆರಂಭಿಸಿದ ಸಂಚಾರ ಸಾಥಿ ವ್ಯವಸ್ಥೆಯಲ್ಲಿ ಹಾಕಿ ನೋಡಿದರೆ, ಆ ಫೋನನ್ನು ಕಳವಾದದ್ದೆಂದು ತಡೆಹಿಡಿಯಲಾಗಿದೆಯೇ ಎಂಬುದು ತಿಳಿಯುತ್ತದೆ. ಹಳೆಯ ಪಠ್ಯಪುಸ್ತಕವಾದರೆ ಮುದ್ರಣದ ವರ್ಷವನ್ನು ನೋಡಿ. ಈಚಿನ ವರ್ಷಗಳಲ್ಲಿ ಹಲವು ಪುಸ್ತಕಗಳ ಪಾಠಗಳು ಬದಲಾಗಿವೆ, ಕಡಿತಗೊಂಡಿವೆ. ನಿಘಂಟು, ಕಥೆ, ಕಾದಂಬರಿಗಳಿಗೆ ಮಾತ್ರ ಈ ಚಿಂತೆ ಇಲ್ಲ.

ನಾಲ್ಕನೆಯವು, ಹಳೆಯದಾದಷ್ಟೂ ನಂಬಿಕೆ ಹೆಚ್ಚಿಸುವ ವಸ್ತುಗಳು. ಇಂದಿನ ಸಂತೆಯ ನಿಜವಾದ ಲಾಭ ಇರುವುದು ಇಲ್ಲಿ. ಕಮ್ಮಾರ ಕಾಸಿ ಬಡಿದ ಕತ್ತಿ, ಹಾರೆ, ಗುದ್ದಲಿಗಳಲ್ಲಿ ಕಾವು ಮುರಿದಿದ್ದರೆ ಚಿಂತೆಯಿಲ್ಲ, ಹೊಸದು ಹಾಕಬಹುದು. ಅಲಗಿನಲ್ಲಿ ಬಿರುಕಿದೆಯೇ ಎಂದಷ್ಟೇ ನೋಡಿ. ಮಂಗಳೂರು ಹೆಂಚನ್ನು ಬೆರಳ ಗೆಣ್ಣಿನಿಂದ ಬಡಿದರೆ ಕಣ್ ಎಂಬ ನಾದ ಬರಬೇಕು. ಮಂಕಾದ ಸದ್ದು ಬಂದರೆ ಒಳಗೆ ಬಿರುಕಿದೆ. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಈ ಹೆಂಚಿನ ಕಾರ್ಖಾನೆಯನ್ನು ತೆರೆದ ಮೇಲೆ ಹಲವಾರು ಕಾರ್ಖಾನೆಗಳು ಹುಟ್ಟಿದವು. ಎಲ್ಲರ ಅಚ್ಚೂ ಒಂದೇ ಅಲ್ಲ. ಆದ್ದರಿಂದ ನಿಮ್ಮ ಮಾಡಿನ ಒಂದು ಹೆಂಚನ್ನು ಜೊತೆಗೆ ತಂದು, ಮುದ್ರೆಯನ್ನು ಹೋಲಿಸಿ, ಒಂದರೊಳಗೊಂದು ಕೂರುತ್ತದೆಯೇ ಎಂದು ನೋಡಿ ಕೊಳ್ಳಬೇಕು. ಇಲ್ಲವಾದರೆ ಆಷಾಢದಲ್ಲಿ ಮನೆಯೊಳಗೆ ಪಾತ್ರೆ ಇಡಬೇಕಾದೀತು. ಟಾರ್ಪಾಲನ್ನು ಬಿಡಿಸಿ ಸೂರ್ಯನಿಗೆ ಅಡ್ಡ ಹಿಡಿಯಿರಿ. ತೂತುಗಳು ನಕ್ಷತ್ರಗಳಂತೆ ಕಾಣುತ್ತವೆ.

ಕೆಡವಿದ ಮನೆಯ ಮರಮುಟ್ಟಿನಲ್ಲಿ ತೂತಿದ್ದ ಮಾತ್ರಕ್ಕೆ ಹೆದರಬೇಡಿ. ತೂತಿನ ಕೆಳಗೆ ಹೊಸ ಹುಡಿ ಉದುರುತ್ತಿದ್ದರೆ ಹುಳು ಒಳಗೆ ಜೀವಂತವಾಗಿದೆ ಎಂದರ್ಥ. ಆದರೆ ಮರಮುಟ್ಟನ್ನು ಸಾಗಿಸುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ರಹದಾರಿಯ ವಿಷಯ ವಿಚಾರಿಸಿ, ಯಾವ ಮನೆಯದೆಂಬ ದಾಖಲೆ ಇಟ್ಟುಕೊಳ್ಳಿ. ತಾಮ್ರ, ಹಿತ್ತಾಳೆಯ ಪಾತ್ರೆಗಳನ್ನು ಅಡುಗೆಗೆ ಬಳಸುವುದಾದರೆ ಶುದ್ಧ ತವರದಿಂದ ಕಲಾಯಿ ಹಾಕಿಸಿ. ತವರಕ್ಕೆ ಸೀಸ ಬೆರೆಸಿದ ಕಲಾಯಿ ವಿಷ. ಕಲಾಯಿ ಹೋದ ಪಾತ್ರೆಯಲ್ಲಿ ಹುಳಿ, ಮಜ್ಜಿಗೆಗಳನ್ನು ಇಡಬಾರದೆಂಬುದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು.

ಅಮೆರಿಕದಲ್ಲಿ ಇಂಥ ಮಾರಾಟಕ್ಕೆ ಯಾರ್ಡ್ ಸೇಲ್ ಎನ್ನುತ್ತಾರೆ, ಅಂಗಳದ ಮಾರಾಟ. ವಾರದ ರಜೆಯಲ್ಲಿ ಮನೆಯ ಮುಂದೆ ಬೇಡದ ವಸ್ತುಗಳನ್ನು ಹರಡಿ ಕೂರುತ್ತಾರೆ. ಟೆನ್ನೆಸೀ ರಾಜ್ಯದಲ್ಲಿ 1987ರಲ್ಲಿ ಮೊದಲಾದ ಇಂಥದೊಂದು ಮಾರಾಟ 127ನೆಯ ಹೆದ್ದಾರಿಯ ಗುಂಟ ಬೆಳೆದು, ಈಗ ಪ್ರತಿ ಆಗಸ್ಟಿನಲ್ಲಿ ಮಿಶಿಗನ್‌ನಿಂದ ಅಲಬಾಮಾವರೆಗೆ ಆರು ರಾಜ್ಯಗಳಲ್ಲಿ ಸುಮಾರು 690 ಮೈಲಿ ಹಬ್ಬುತ್ತದೆ. ಕಸದ ಗುಂಡಿಗೆ ಹೋಗಬೇಕಾದದ್ದು ಇನ್ನೊಂದು ಮನೆಗೆ ಹೋಗುವುದು ಒಳ್ಳೆಯದೇ. ಆದರೆ ಅಗ್ಗವಾಗಿದೆ ಎಂಬ ಒಂದೇ ಕಾರಣಕ್ಕೆ ಕೊಂಡು, ಮುಂದಿನ ವರ್ಷ ತಮ್ಮ ಅಂಗಳದಲ್ಲಿ ಅದನ್ನೇ ಮಾರಲು ಕೂರುವವರೂ ಇರುತ್ತಾರೆ. ಆ ಚಟ ನಮಗೆ ಬೇಡ. ಬೇಕಾದುದರ ಪಟ್ಟಿಯನ್ನು ಮನೆಯಲ್ಲೇ ಬರೆದು ತನ್ನಿ. ಹೊಸದಕ್ಕೆ ಎಷ್ಟು ಬೆಲೆಯೆಂದು ಮೊದಲೇ ತಿಳಿದುಕೊಳ್ಳಿ. ದುರಸ್ತಿಯ ಖರ್ಚನ್ನೂ ಸಾಗಣೆಯ ಖರ್ಚನ್ನೂ ಕೂಡಿಸಿದ ಮೇಲೆ ಹೊಸದರ ಅರ್ಧ ಬೆಲೆಯನ್ನು ದಾಟಿದರೆ ಇನ್ನೊಮ್ಮೆ ಯೋಚಿಸಿ. ಪಟ್ಟಿಯಲ್ಲಿ ಇಲ್ಲದ ವಸ್ತು ಮನಸ್ಸನ್ನು ಸೆಳೆದರೆ ಸಂತೆಯನ್ನು ಒಂದು ಸುತ್ತು ಹಾಕಿ ಬನ್ನಿ. ಹಾಸಿಗೆ ಇದ್ದಷ್ಟು ಕಾಲು ಚಾಚುವುದು ಹಳೆಯ ವಸ್ತುವಿಗೂ ಅನ್ವಯಿಸುವ ಮಾತು.

ಇನ್ನೊಂದು ವಿಷಯವನ್ನು ಹೇಳದೆ ಇರಲಾರೆ. ಅಲ್ಲಿ ಅಂಗಳಕ್ಕೆ ಬರುವುದು ಹೆಚ್ಚಾದದ್ದು. ನಮ್ಮಲ್ಲಿ ಅಂಗಳಕ್ಕೆ ಬರುತ್ತಿರುವುದರಲ್ಲಿ ಬಹುಪಾಲು ಬಾಗಿಲು ಹಾಕುತ್ತಿರುವ ಮನೆಗಳದು. ಮಕ್ಕಳು ಬೆಂಗಳೂರಿನಲ್ಲಿ; ಇಬ್ಬರೇ ಇರುವ ಮುದುಕರಿಗೆ ನಲವತ್ತು ಜನರ ಅಡುಗೆಯ ಕೊಪ್ಪರಿಗೆ ಏತಕ್ಕೆ? ಗುಜರಿಯ ಲಾರಿ ಬಾಗಿಲಿಗೆ ಬಂದು, ಹೇಳಿದ ತೂಕಕ್ಕೆ, ಹೇಳಿದ ದರಕ್ಕೆ ಎಲ್ಲವನ್ನೂ ತುಂಬಿಕೊಂಡು ಹೋಗುತ್ತದೆ. ಈ ಸಂತೆಯನ್ನು ಬಳಗ ಆರಂಭಿಸಿದ್ದು ಅದನ್ನು ತಪ್ಪಿಸಲಿಕ್ಕಾಗಿ. ಆದ್ದರಿಂದ ಚೌಕಾಸಿ ಮಾಡಿ, ಆದರೆ ಅಗತ್ಯಕ್ಕೆ ಸಿಲುಕಿ ಮಾರುವವರನ್ನು ಹಿಂಡಬೇಡಿ. ತಾಮ್ರದ ಪಾತ್ರೆಗೆ ಅದರ ತೂಕದ ಗುಜರಿ ದರಕ್ಕಿಂತ ಕಡಿಮೆ ಕೇಳುವುದು ವ್ಯಾಪಾರವಲ್ಲ. ತಕ್ಕಡಿಯನ್ನು ಬಳಗವೇ ಇಟ್ಟಿದೆ. ಇಬ್ಬರ ಎದುರಿನಲ್ಲೂ ತೂಗಿಸಿ.

ಕೊಳ್ಳುವವರು ಕೇಳಬೇಕೆಂದು ಇಷ್ಟು ಹೇಳಿದೆ. ಮಾರುವವರು ಕೇಳುವ ತನಕ ಕಾಯಬೇಕೇ? ಪ್ರತಿಯೊಂದು ವಸ್ತುವಿಗೂ ಒಂದು ಚೀಟಿ ಕಟ್ಟೋಣ ಎಂದು ಬಳಗದ ಮುಂದೆ ನಾನು ಸಲಹೆ ಇಟ್ಟಿದ್ದೆ. ಯಾವುದಕ್ಕೆ ಬಳಸಿದ್ದು, ಏನು ದೋಷ, ಏಕೆ ಮಾರುತ್ತಿರುವುದು, ಮೂರೇ ಸಾಲು. ಶಾಲೆಯ ಮಕ್ಕಳು ಬೆಳಗಿನಿಂದ ಚೀಟಿ ಬರೆದು ಕಟ್ಟುತ್ತಿದ್ದಾರೆ. ನಾನೂ ಒಂದು ನೀರಿನ ಮೋಟಾರನ್ನು ತಂದಿದ್ದೇನೆ. ಅದರ ಚೀಟಿಯಲ್ಲಿ ಹೀಗಿದೆ: ‘ಬಾವಿಯಿಂದ ನೀರೆತ್ತಲು ಬಳಸಿದ್ದು. ಎರಡು ಸಲ ವೈಂಡಿಂಗ್ ಆಗಿದೆ, ಒಂದು ಗಂಟೆ ಓಡಿದರೆ ಬಿಸಿಯಾಗುತ್ತದೆ. ದೊಡ್ಡ ಮೋಟಾರು ಕೊಂಡಿದ್ದರಿಂದ ಮಾರುತ್ತಿದ್ದೇನೆ.’ ಚೀಟಿ ಬರೆಯುತ್ತಿದ್ದ ಹುಡುಗಿ, ‘ಸಾರ್, ಹೀಗೆ ಬರೆದರೆ ಯಾರು ತಗೊಳ್ತಾರೆ?’ ಎಂದು ಕೇಳಿದಳು. ಬೆಲೆಯನ್ನು ಸಾವಿರದ ಇನ್ನೂರರಿಂದ ಆರುನೂರಕ್ಕೆ ಇಳಿಸಿದೆ. ಕೊಂಡವರು ದಿನಕ್ಕೆ ಅರ್ಧ ಗಂಟೆ ಓಡಿಸಿದರೆ ಅದು ಇನ್ನೂ ಕೆಲವು ವರ್ಷ ದುಡಿದೀತು. ನಾಳೆ ಅವರು ಎದುರು ಸಿಕ್ಕಾಗ ನಾನು ಮುಖ ತಿರುಗಿಸಿಕೊಂಡು ಹೋಗಬೇಕಾಗಿಲ್ಲ. ಹತ್ತು ಮನೆಯ ಊರಿನಲ್ಲಿ ಇದು ಆರುನೂರು ರೂಪಾಯಿಗಿಂತ ದೊಡ್ಡ ಉಳಿತಾಯ.

ಇನ್ನು ನೀವು ವ್ಯಾಪಾರಕ್ಕೆ ಹೊರಡಬಹುದು. ಮೊದಲು ಚೀಟಿ ಓದಿ, ಆಮೇಲೆ ಬೆಲೆ ಕೇಳಿ.